ಓಕ್ವಿ ಎನ್ವೇಜೋರ್: ಪ್ರದರ್ಶನ ಕಟ್ಟಿದವರು ಮ್ಯೂಸಿಯಂ ನಡೆಸೋದರಲ್ಲಿ ಸೋತರಾ?

ಗೋಡೆಮೊಳೆ

ಹೋದ ವಾರ ಇಲ್ಲಿ ಒಬ್ಬರು, "ನಾನು ಓದಿದ್ದು ರಾಜ್ಯಶಾಸ್ತ್ರ, ಕ್ಯುರೇಟರ್ ಆಗಬಹುದಾ?" ಅಂತ ಕೇಳಿದ್ದರು. ಕ್ಯುರೇಟರ್ ಅಂದರೆ ಯಾವ ಕೃತಿ ತೋರಿಸಬೇಕು ಅಂತ ಆರಿಸಿ ಕಲಾ ಪ್ರದರ್ಶನ ಕಟ್ಟುವವರು. ಉತ್ತರಗಳೆಲ್ಲ ಯಾವ ಕೋರ್ಸು, ಎಷ್ಟು ಫೀಸು ಅನ್ನೋದರಲ್ಲೇ ಮುಗಿದುಹೋದವು. ನನಗೆ ಆಗ ನೆನಪಾದವರು ರಾಜ್ಯಶಾಸ್ತ್ರ ಓದಿಯೇ ದೊಡ್ಡ ಕ್ಯುರೇಟರ್ ಆದ ಓಕ್ವಿ ಎನ್ವೇಜೋರ್. ಅದಕ್ಕೇ ಈ ಎಳೆ.

ಹುಟ್ಟಿದ್ದು 1963ರಲ್ಲಿ, ನೈಜೀರಿಯಾದ ಕಲಬಾರ್‌ನಲ್ಲಿ. ಇಗ್ಬೊ ಜನಾಂಗದ ಕುಟುಂಬ. ನಾಲ್ಕು ವರ್ಷ ತುಂಬುವ ಮೊದಲೇ ಬಿಯಾಫ್ರಾ ಯುದ್ಧ (ನೈಜೀರಿಯಾದ ಒಳಯುದ್ಧ) ಶುರುವಾಯಿತು, ಮನೆಯವರೆಲ್ಲ ಊರಿಂದ ಊರಿಗೆ ಓಡಬೇಕಾಯಿತು. 1982ರಲ್ಲಿ ಅಮೆರಿಕಕ್ಕೆ ಬಂದರು. ಜರ್ಸಿ ಸಿಟಿ ಸ್ಟೇಟ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ 1987ರಲ್ಲಿ ಪದವಿ ಪಡೆದರು. ಕಲಾ ಇತಿಹಾಸದ ಡಿಗ್ರಿ ಇರಲಿಲ್ಲ. ನ್ಯೂಯಾರ್ಕಿನ ಕೆಫೆಗಳಲ್ಲಿ ತಾವು ಬರೆದ ಕವಿತೆ ಓದುತ್ತಿದ್ದರು, ಗ್ಯಾಲರಿ ಸುತ್ತುತ್ತಿದ್ದರು. ಆ ಗ್ಯಾಲರಿಗಳಲ್ಲಿ ಆಫ್ರಿಕಾದ ಇವತ್ತಿನ ಕಲಾವಿದರು ಯಾರೂ ಕಾಣುತ್ತಿರಲಿಲ್ಲ. 1994ರಲ್ಲಿ ಗೆಳೆಯರನ್ನು ಕಟ್ಟಿಕೊಂಡು 'ಎನ್ಕಾ' ಅನ್ನೋ ಪತ್ರಿಕೆ ಹೊರಡಿಸಿದರು. ಇನ್ನೆರಡೇ ವರ್ಷಕ್ಕೆ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಪ್ರದರ್ಶನ!

ಆಮೇಲೆ 1997ರಲ್ಲಿ ಜೋಹಾನ್ಸ್‌ಬರ್ಗ್ ಬಿಯೆನಾಲೆ (ಬಿಯೆನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನ), 2002ರಲ್ಲಿ ಡಾಕ್ಯುಮೆಂಟಾ ಅನ್ನೋ ಜರ್ಮನಿಯ ದೊಡ್ಡ ಕಲಾ ಪ್ರದರ್ಶನ, 2015ರಲ್ಲಿ ವೆನಿಸ್ ಬಿಯೆನಾಲೆ. ಡಾಕ್ಯುಮೆಂಟಾ, ವೆನಿಸ್ ಎರಡನ್ನೂ ಕಟ್ಟಿದವರು ಅದಕ್ಕೆ ಮುಂಚೆ ಸ್ವಿಸ್ ಕ್ಯುರೇಟರ್ ಹರಾಲ್ಡ್ ಜೀಮಾನ್ ಒಬ್ಬರೇ. ಇದರ ನಡುವೆ 2011ರಿಂದ ಮ್ಯೂನಿಕ್‌ನ ಹೌಸ್ ಡೆರ್ ಕುನ್ಸ್ಟ್ ಮ್ಯೂಸಿಯಂನ ನಿರ್ದೇಶಕರಾಗಿದ್ದರು. 2018ರ ಜೂನ್‌ನಲ್ಲಿ ಬಿಟ್ಟರು. 2019ರ ಮಾರ್ಚ್ 15ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 55 ವರ್ಷ, ಅಷ್ಟೇ.

ನನ್ನ ಪ್ರಶ್ನೆ ಆ ಕೊನೆಯ ಏಳು ವರ್ಷಗಳ ಬಗ್ಗೆ. ಮ್ಯೂಸಿಯಂ ಹಣದ ತೊಂದರೆಗೆ ಸಿಕ್ಕಿಕೊಂಡಿತು, ಬೈಗುಳ ಇವರ ತಲೆಗೆ ಬಂತು. ಅದು ನ್ಯಾಯವಾ?

ಸುಮ್ನೆಬಂದೆ

ಒಂದು ಪೆದ್ದ ಪ್ರಶ್ನೆ. ಚಿತ್ರ ಬಿಡಿಸಿದವರು ಬೇರೆಯವರು, ಗೋಡೆ ಮ್ಯೂಸಿಯಂನದು. ಇವರು ಮಾಡಿದ್ದೇನು? ಮೊಳೆ ಹೊಡೆದರಾ?

ಗೋಡೆಮೊಳೆ

ನನ್ನ ಹೆಸರಿಗೇ ಕೈ ಹಾಕಿದಿರಿ 😀

ಗುಗೆನ್‌ಹೈಮ್ ಪ್ರದರ್ಶನವನ್ನೇ ತೆಗೆದುಕೊಳ್ಳಿ. 1996, 'ಇನ್/ಸೈಟ್'. 1940ರಿಂದ ಈಚೆಗೆ ಆಫ್ರಿಕಾದ 30 ಫೋಟೋಗ್ರಾಫರ್‌ಗಳು. ಅಲ್ಲಿಯವರೆಗೆ ಪಶ್ಚಿಮದ ಮ್ಯೂಸಿಯಂಗಳಲ್ಲಿ ಆಫ್ರಿಕಾ ಅಂದರೆ ಮುಖವಾಡ, ಮರದ ಗೊಂಬೆ. ಫೋಟೋ ಇದ್ದರೆ ಅದು ಹೊರಗಿನವರು ಬಂದು ತೆಗೆದದ್ದು. ಇಲ್ಲಿ ಮಾಲಿ ದೇಶದ ಬಮಾಕೊದ ಸ್ಟುಡಿಯೋದಲ್ಲಿ ಸೇದು ಕೇತಾ ತೆಗೆದ ಫೋಟೋಗಳು ಬಂದವು. ಒಳ್ಳೆ ಬಟ್ಟೆ ಹಾಕಿಕೊಂಡು, ಕೈಗಡಿಯಾರ ಕಾಣೋ ಹಾಗೆ ಕೈಯಿಟ್ಟು, ತಾವು ಹೇಗೆ ಕಾಣಬೇಕೋ ಹಾಗೆ ಕೂತ ಜನ. ಮಲಿಕ್ ಸಿದಿಬೆ ತೆಗೆದ ಡ್ಯಾನ್ಸ್ ಪಾರ್ಟಿಗಳು. ಫೋಟೋಗಳು ಮೊದಲೂ ಇದ್ದವು. ಅವನ್ನು ವಸಾಹತು ಆಡಳಿತ ಮುಗಿದ ಕಾಲದ ರಾಜಕೀಯದ ಪಕ್ಕದಲ್ಲಿಟ್ಟು, "ಇದು ಒಂದು ಇತಿಹಾಸ" ಅಂತ ತೋರಿಸಿದ್ದು ಇವರ ಕೆಲಸ.

ರಾಜ್ಯಶಾಸ್ತ್ರ ಎಲ್ಲಿ ಉಪಯೋಗಕ್ಕೆ ಬಂತು ಅಂತ ಈಗ ಗೊತ್ತಾಯಿತಲ್ಲ.

ಸಾಧನಕೇರಿ

ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದವನು. ಈ ಮನುಷ್ಯನ ವಿಷಯ ಬಂದರೆ ನನಗೆ ದಿಲ್ಲಿ ನೆನಪಾಗತದ ನೋಡ್ರಿ. ಬಹಳ ಮಂದಿಗೆ ಗೊತ್ತಿಲ್ಲ, 2002ರ ಡಾಕ್ಯುಮೆಂಟಾದ ಒಂದು ಭಾಗ ನಡೆದದ್ದು ನಮ್ಮ ದೇಶದಲ್ಲಿ.

ಡಾಕ್ಯುಮೆಂಟಾ ಶುರುವಾಗಿದ್ದು 1955ರಲ್ಲಿ, ಯುದ್ಧದಲ್ಲಿ ನೆಲಸಮ ಆಗಿದ್ದ ಕಾಸೆಲ್ ಅನ್ನೋ ಊರಲ್ಲಿ. ಈಗ ಐದು ವರ್ಷಕ್ಕೊಮ್ಮೆ ನೂರು ದಿನ ನಡೆಯುತ್ತದೆ. ನಿರ್ದೇಶಕರು ಅಲ್ಲಿಯವರೆಗೆ ಯಾವಾಗಲೂ ಯುರೋಪಿನವರೇ. ಎನ್ವೇಜೋರ್ ಹೊರಗಿನಿಂದ ಬಂದ ಮೊದಲಿಗರು. ಬಂದವರು ಏನು ಮಾಡಿದರು? ಇಡೀ ಪ್ರದರ್ಶನವನ್ನು ಐದು ವೇದಿಕೆ ಅಂತ ಒಡೆದರು. ವಿಯೆನ್ನಾ ಮತ್ತು ಬರ್ಲಿನ್‌ನಲ್ಲಿ ಪ್ರಜಾಪ್ರಭುತ್ವದ ಮೇಲೆ ಮಾತು. ದಿಲ್ಲಿಯಲ್ಲಿ ಸತ್ಯ ಮತ್ತು ನ್ಯಾಯದ ಮೇಲೆ. ಸೇಂಟ್ ಲೂಸಿಯಾ ದ್ವೀಪದಲ್ಲಿ ಭಾಷೆ, ಜನ ಬೆರೆಯೋದರ ಮೇಲೆ. ಲಾಗೋಸ್‌ನಲ್ಲಿ ಆಫ್ರಿಕಾದ ನಾಲ್ಕು ನಗರಗಳ ಮೇಲೆ. ಕಾಸೆಲ್‌ನ ಕಲಾ ಪ್ರದರ್ಶನ ಐದನೆಯದು ಅಷ್ಟೇ!

ದಿಲ್ಲಿಯದು 2001ರ ಮೇ ತಿಂಗಳಲ್ಲಿ, ಇಂಡಿಯಾ ಹ್ಯಾಬಿಟಾಟ್ ಸೆಂಟರ್‌ನಲ್ಲಿ ಆಯಿತು. 'ಎಕ್ಸ್‌ಪೆರಿಮೆಂಟ್ಸ್ ವಿತ್ ಟ್ರೂತ್' ಅಂತ ಹೆಸರು. ಗಾಂಧಿಯಿಂದ ತಗೊಂಡದ್ದು, ಹೇಳೋದೇ ಬೇಡ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಮುಗಿದ ಮೇಲೆ ಸತ್ಯ ಮತ್ತು ಸಂಧಾನ ಆಯೋಗ ಮಾಡಿದರಲ್ಲ, ಅಂಥ ಆಯೋಗಗಳ ಬಗ್ಗೆ ಚರ್ಚೆ. ಕೊಂದವನು ಬಂದು ಎಲ್ಲರ ಮುಂದೆ ಒಪ್ಪಿಕೊಂಡರೆ ಅದು ನ್ಯಾಯವಾ, ಅಲ್ಲವಾ? ಕಲಾ ಪ್ರದರ್ಶನಕ್ಕೆ ಇದೆಲ್ಲ ಯಾಕೆ ಬೇಕು ಅಂತ ಆಗ ನನ್ನ ಸಹೋದ್ಯೋಗಿಗಳು ನಕ್ಕರು. ನನಗೆ ಹಾಗೆ ಅನ್ನಿಸಲಿಲ್ಲ. ಕಾಸೆಲ್‌ನಲ್ಲಿ ಅಮರ್ ಕನ್ವರ್ ಅವರ ವಾಘಾ ಗಡಿಯ ಸಿನಿಮಾ ತೋರಿಸಿದರು. ಸಂಜೆ ಬಾವುಟ ಇಳಿಸೋ ಕವಾಯತು, ಬಿಳಿ ಗೆರೆಯ ಆಚೆ ಈಚೆ ಮೂಟೆ ದಾಟಿಸೋ ಕೂಲಿಗಳು. ದಿಲ್ಲಿಯ ಆ ಚರ್ಚೆಯನ್ನು ತಲೆಯಲ್ಲಿಟ್ಟುಕೊಂಡು ಅದನ್ನು ನೋಡಿದರೆ ಬೇರೆಯೇ ಕಾಣುತ್ತದೆ.

ದಿಲ್ಲಿಯ ರಾಕ್ಸ್ ಮೀಡಿಯಾ ಕಲೆಕ್ಟಿವ್ ಅನ್ನೋ ಕಲಾವಿದರ ಗುಂಪು, ಫೋಟೋಗ್ರಾಫರ್ ರವಿ ಅಗರ್‌ವಾಲ್ ಕೂಡ ಅಲ್ಲಿದ್ದರು. ಅಗರ್‌ವಾಲ್ ತೋರಿಸಿದ್ದು ದಕ್ಷಿಣ ಗುಜರಾತಿನ ಕೂಲಿಕಾರರ ಫೋಟೋಗಳು.

ಲೆಕ್ಕದಪುಸ್ತಕ

ಚೆನ್ನಾಗಿದೆ ಸರ್, ಆದರೆ ಹೊಗಳಿಕೆ ಸ್ವಲ್ಪ ಜಾಸ್ತಿ ಆಗುತ್ತಿದೆ. ನಾನು ಆಡಿಟ್ ಕಡೆಯವನು. ನನ್ನ ಕಣ್ಣಿಗೆ ಈ ವೃತ್ತಿಜೀವನದಲ್ಲಿ ಬೇರೊಂದು ಸಾಲು ಕಾಣುತ್ತದೆ. ಜೋಹಾನ್ಸ್‌ಬರ್ಗ್ ಬಿಯೆನಾಲೆಯನ್ನು ದುಡ್ಡಿಲ್ಲ ಅಂತ ಒಂದು ತಿಂಗಳು ಮುಂಚೆಯೇ ಮುಚ್ಚಿದರು. ಆ ಬಿಯೆನಾಲೆ ಮತ್ತೆ ನಡೆಯಲೇ ಇಲ್ಲ. ಮ್ಯೂನಿಕ್‌ನಲ್ಲೂ ಕೊನೆಗೆ ಕೊರತೆ. ಎರಡು ಕಡೆ ಹೀಗಾದರೆ ಅದು ಬರೀ ದುರದೃಷ್ಟವಾ?

ಬಿಯೆನಾಲೆಯ ಕ್ಯುರೇಟರ್‌ಗೆ ಒಂದು ಬಜೆಟ್, ಒಂದು ಕೊನೆಯ ದಿನಾಂಕ. ಮುಗಿದ ಮೇಲೆ ಎದ್ದು ಹೋಗಬಹುದು. ಮ್ಯೂಸಿಯಂ ನಿರ್ದೇಶಕರಿಗೆ ಚಾವಣಿ ಸೋರಿದರೂ ತಲೆನೋವು, ಸೆಕ್ಯುರಿಟಿಯವರ ಸಂಬಳವೂ ತಲೆನೋವು. ಮೊದಲನೆಯದರಲ್ಲಿ ಹುಲಿ ಆಗಿದ್ದವರು ಎರಡನೆಯದಕ್ಕೆ ಒಗ್ಗಬೇಕು ಅಂತೇನಿಲ್ಲ.

ಗೋಡೆಮೊಳೆ

ಜೋಹಾನ್ಸ್‌ಬರ್ಗ್ ಬಿಯೆನಾಲೆ ನಗರಸಭೆಯ ದುಡ್ಡಲ್ಲಿ ನಡೆಯುತ್ತಿದ್ದದ್ದು. ಪಾಲಿಕೆಯ ಖಜಾನೆ ಖಾಲಿಯಾಗಿತ್ತು. ವರ್ಣಭೇದ ಮುಗಿದು ಮೂರು ವರ್ಷ. ನೀರು, ಮನೆ ಕೊಡೋದಾ, ಬಿಯೆನಾಲೆ ಮಾಡೋದಾ ಅನ್ನೋ ಜಗಳ ಅದು. ಕ್ಯುರೇಟರ್ ತಪ್ಪು ಅಂತ ಹೇಳೋದು ಕಷ್ಟ.

ಈಸಾರ್‌ದಂಡೆ

ಮ್ಯೂನಿಕ್‌ನಿಂದ ನಮಸ್ಕಾರ. ಲೆಕ್ಕದಪುಸ್ತಕ ಅವರೇ, ನಿಮ್ಮ ಮಾತು ಅರ್ಧ ಸರಿ. ಆ ಕಟ್ಟಡದ ಕಥೆ ಹೇಳದೆ ಇದ್ದರೆ ಇನ್ನರ್ಧ ತಿಳಿಯೋದಿಲ್ಲ.

ಹೌಸ್ ಡೆರ್ ಕುನ್ಸ್ಟ್ ಕಟ್ಟಿಸಿದ್ದು ಹಿಟ್ಲರ್. ವಾಸ್ತುಶಿಲ್ಪಿ ಪಾಲ್ ಲುಡ್ವಿಗ್ ಟ್ರೂಸ್ಟ್. 1937ರಲ್ಲಿ ಅಲ್ಲಿ 'ಮಹಾ ಜರ್ಮನ್ ಕಲಾ ಪ್ರದರ್ಶನ' ಶುರುವಾಯಿತು. ಮರುದಿನವೇ, ನಡೆದು ಹೋಗೋ ದೂರದಲ್ಲಿ, ನಾಜಿಗಳಿಗೆ ಇಷ್ಟವಿಲ್ಲದ ಕಲಾವಿದರನ್ನು ಗೇಲಿ ಮಾಡೋದಕ್ಕೆ ಇನ್ನೊಂದು ಪ್ರದರ್ಶನ. ಈಗಲೂ ಮುಂದೆ ಕಲ್ಲಿನ ಕಂಬಗಳ ಸಾಲು ಹಾಗೇ ಇದೆ. ನೋಡಿದರೆ ಎದೆ ಸ್ವಲ್ಪ ಭಾರ ಆಗುತ್ತದೆ. ಪಕ್ಕದಲ್ಲೇ ಐಸ್‌ಬಾಖ್ ತೊರೆ. ಸೇತುವೆಯ ಕೆಳಗೆ ಎದ್ದ ಅಲೆಯಲ್ಲಿ ಹುಡುಗರು ಸರ್ಫಿಂಗ್ ಮಾಡುತ್ತಿದ್ದರು, ಪ್ರವಾಸಿಗಳೆಲ್ಲ ಅಲ್ಲೇ ನಿಲ್ಲುತ್ತಿದ್ದರು. ಕಟ್ಟಡದ ಇನ್ನೊಂದು ಕಡೆ ಪಿ1 ಅನ್ನೋ ನೈಟ್‌ಕ್ಲಬ್! ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನ್ಯದ ಅಧಿಕಾರಿಗಳ ಕ್ಲಬ್ ಅಲ್ಲಿತ್ತು. ಹೀಗೆ ಒಂದೇ ಸೂರಿನ ಕೆಳಗೆ ಹಿಟ್ಲರ್, ಡಿಸ್ಕೋ, ಆಧುನಿಕ ಕಲೆ.

ಇಂಥ ಜಾಗಕ್ಕೆ ನೈಜೀರಿಯಾದಲ್ಲಿ ಹುಟ್ಟಿದ ಒಬ್ಬರು ನಿರ್ದೇಶಕರಾಗಿ ಬಂದರು. 2013ರಲ್ಲಿ ಕಟ್ಟಡದ ಮುಂಭಾಗಕ್ಕೆ ಅಮೆರಿಕದ ಕಲಾವಿದ ಮೆಲ್ ಬಾಕ್ನರ್ ಅವರ ಕೃತಿ ಹಾಕಿಸಿದರು. ಕಪ್ಪು ಬಟ್ಟೆಯ ಮೇಲೆ ದೊಡ್ಡ ಹಳದಿ ಅಕ್ಷರದಲ್ಲಿ ಯಿಡ್ಡಿಷ್ ಪದಗಳು. ಯಹೂದಿಗಳ ಮನೆಮಾತು, ಹಿಟ್ಲರ್ ಕಂಬಗಳ ಮೇಲೆ. ನಾನು ಆಗಿನ್ನೂ ಇಲ್ಲಿಗೆ ಬಂದಿರಲಿಲ್ಲ, ಫೋಟೋ ನೋಡಿಯೇ ಮೈ ಜುಂ ಅಂದಿತು. 2014ರಲ್ಲಿ ಕಟ್ಟಡದ ಇತಿಹಾಸಕ್ಕೇ ಅಂತ ಒಳಗೆ ಆರ್ಕೈವ್ ಗ್ಯಾಲರಿ ತೆರೆದರು.

ಈಗ ಲೆಕ್ಕಕ್ಕೆ ಬರೋಣ. ಈ ಮ್ಯೂಸಿಯಂಗೆ ಸ್ವಂತ ಸಂಗ್ರಹ ಇಲ್ಲ. ಒಂದೇ ಒಂದು ಪೇಂಟಿಂಗ್ ಕೂಡ ತನ್ನದು ಅನ್ನೋ ಹಾಗಿಲ್ಲ. ಪ್ರತಿ ಸಲ ಎಲ್ಲವನ್ನೂ ಎರವಲು ತರಬೇಕು.

ಲೆಕ್ಕದಪುಸ್ತಕ

ಅಯ್ಯೋ. ಹಾಗಾದರೆ ಪ್ರತಿ ಪ್ರದರ್ಶನಕ್ಕೂ ಪ್ಯಾಕಿಂಗ್, ವಿಮಾನ, ಇನ್ಶೂರೆನ್ಸ್, ಕೃತಿಯ ಜೊತೆ ಬರೋ ಕೊರಿಯರ್‌ನ ಹೋಟೆಲ್ ಖರ್ಚು ಎಲ್ಲ ಹೊಸದಾಗಿ ಶುರು. ಸಂಗ್ರಹ ಇರೋ ಮ್ಯೂಸಿಯಂ ಆದರೆ ಕೈ ಬಿಗಿಯಾದ ವರ್ಷ ಗೋಡೌನ್‌ನಿಂದ ತೆಗೆದು ತೋರಿಸಬಹುದು. ಇಲ್ಲಿ ಆ ದಾರಿಯೇ ಇಲ್ಲ. ಮದುವೆ ಛತ್ರ ಇದೆ, ಪಾತ್ರೆ ಒಂದೂ ಇಲ್ಲ ಅಂದ ಹಾಗಾಯಿತು.

ಈಸಾರ್‌ದಂಡೆ

ಸರಿಯಾಗಿ ಹೇಳಿದಿರಿ. ಅಂಥ ಛತ್ರದಲ್ಲಿ ಇವರು 2016ರ ಅಕ್ಟೋಬರ್‌ನಲ್ಲಿ ಮಾಡಿದ್ದು 'ಪೋಸ್ಟ್‌ವಾರ್'. 1945ರಿಂದ 1965ರವರೆಗಿನ ಕಲೆ. 65 ದೇಶದ 218 ಕಲಾವಿದರು, ಸುಮಾರು 350 ಕೃತಿಗಳು. ಯುದ್ಧದ ನಂತರದ ಕಲೆ ಅಂದರೆ ನ್ಯೂಯಾರ್ಕ್, ಪ್ಯಾರಿಸ್ ಅಂತಲೇ ಪುಸ್ತಕಗಳಲ್ಲಿ ಇರುತ್ತದಲ್ಲ. ಇಲ್ಲಿ ನಮ್ಮ ದೇಶದ ಚಿತ್ರಕಾರರಾದ ಎಂ.ಎಫ್. ಹುಸೇನ್, ಎಫ್.ಎನ್. ಸೂಜಾ ಕೂಡ ಅದೇ ಕಥೆಯ ಪಾತ್ರಗಳು. ಅತಿಥಿಗಳಾಗಿ ಕರೆದು ಮೂಲೆಯಲ್ಲಿ ಕೂರಿಸಿದ ಹಾಗಲ್ಲ. ಇದು ಮೂರು ಭಾಗದ ಯೋಜನೆಯ ಮೊದಲ ಭಾಗ. ಆಮೇಲೆ ವಸಾಹತು ಮುಗಿದ ನಂತರದ್ದು, ಕಮ್ಯುನಿಸಂ ಮುಗಿದ ನಂತರದ್ದು ಅಂತ ಎರಡು ಬರಬೇಕಿತ್ತು. ಬರಲೇ ಇಲ್ಲ.

ಸುಮ್ನೆಬಂದೆ

ಬೆಲೆ ಎಷ್ಟಾದರೂ ಆಗಲಿ, ಇಂಥದ್ದು ಒಂದಾದರೂ ಬೆಂಗಳೂರಿಗೆ ಬರಬೇಕಿತ್ತು.

ಸಾಧನಕೇರಿ

ಬೆಲೆ ಕೊಡೋರು ಯಾರು ತಮ್ಮಾ?

ಬಿಳಿಕ್ಯಾನ್ವಾಸ್

ಹೋದ ವಾರ ಆ ಪ್ರಶ್ನೆ ಕೇಳಿದ್ದು ನಾನೇ. ಈ ಎಳೆಗೆ ತುಂಬಾ ಥ್ಯಾಂಕ್ಸ್. ಒಂದು ವಿಷಯ ಅರ್ಥ ಆಗಲಿಲ್ಲ. ಅವರು ಯಾಕೆ ಬಿಟ್ಟರು? ತೆಗೆದುಹಾಕಿದರಾ, ಕಾಯಿಲೆಯಾ?

ಈಸಾರ್‌ದಂಡೆ

ಅಧಿಕೃತವಾಗಿ ಆರೋಗ್ಯದ ಕಾರಣ. ಆಗಲೇ ಕ್ಯಾನ್ಸರ್ ಇತ್ತು. ಒಪ್ಪಂದ 2021ರವರೆಗೆ ಇತ್ತು. ಹಣದ ವಿಷಯ ನೋಡಿಕೊಳ್ಳೋಕೆ ಅಂತ 2018ರಲ್ಲೇ ಬೇರೊಬ್ಬ ನಿರ್ದೇಶಕರನ್ನು ತಂದಿದ್ದರು. ಇಲ್ಲಿ ಮ್ಯೂಸಿಯಂಗೆ ಕಲೆಯ ಕಡೆ ಒಬ್ಬರು, ದುಡ್ಡಿನ ಕಡೆ ಒಬ್ಬರು ಅಂತ ಇಬ್ಬರು ಮುಖ್ಯಸ್ಥರು ಇರೋದು ಹೊಸದೇನಲ್ಲ. ಎನ್ವೇಜೋರ್ ಹೋದ ಮೇಲೆ ದುಡ್ಡಿನ ಕಡೆಯವರೇ ಕಲೆಯ ನಿರ್ಧಾರವನ್ನೂ ತೆಗೆದುಕೊಂಡರು. ಮೊದಲೇ ನಿಗದಿಯಾಗಿದ್ದ ಅಮೆರಿಕದ ಕಲಾವಿದೆಯರಾದ ಏಡ್ರಿಯನ್ ಪೈಪರ್, ಜೋನ್ ಜೋನಸ್ ಪ್ರದರ್ಶನಗಳನ್ನು ಖರ್ಚಿನ ನೆಪದಲ್ಲಿ ರದ್ದು ಮಾಡಿದರು. ಅದರ ಬದಲು ಬಂದದ್ದು ಯಾರ್ಗ್ ಇಮ್ಮೆಂಡಾರ್ಫ್, ಮಾರ್ಕುಸ್ ಲ್ಯೂಪರ್ಟ್ಸ್. ಇಬ್ಬರು ಹೆಂಗಸರು ಹೋಗಿ ಇಬ್ಬರು ಜರ್ಮನ್ ಗಂಡಸರು.

ಪೈಪರ್ ಯಾರು ಗೊತ್ತಲ್ಲ? 2015ರಲ್ಲಿ ಎನ್ವೇಜೋರ್ ಕಟ್ಟಿದ ವೆನಿಸ್‌ನಲ್ಲೇ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದವರು. ಇನ್ನು ಜೋನಸ್ ಪ್ರದರ್ಶನ 2022ರಲ್ಲಿ ಅದೇ ಕಟ್ಟಡದಲ್ಲಿ ಆಯಿತು, ಹೊಸ ನಿರ್ದೇಶಕ ಆಂದ್ರೇಯ ಲಿಸ್ಸೋನಿ ಕಾಲದಲ್ಲಿ. ಹಾಗಾದರೆ ರದ್ದು ಮಾಡಲೇಬೇಕಿತ್ತಾ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಲೆಕ್ಕದಪುಸ್ತಕ

ನಾಲ್ಕು ವರ್ಷದ ನಂತರ ದುಡ್ಡು ಇತ್ತು ಅಂದರೆ ಆಗಲೂ ಇತ್ತು ಅಂತ ಅರ್ಥ ಅಲ್ಲ. ಆದರೆ ದುಡ್ಡಿನ ಕಡೆಯವರು ಪ್ರದರ್ಶನ ಆಯ್ಕೆ ಮಾಡಿದ್ದು ತಪ್ಪೇ. ಅದು ನಮ್ಮ ಕೆಲಸ ಅಲ್ಲ. ನಾವು "ಇಷ್ಟೇ ಇದೆ" ಅಂತ ಹೇಳಬೇಕು, ಯಾವುದನ್ನು ಕೈಬಿಡಬೇಕು ಅಂತ ಕಲೆಯ ಕಡೆಯವರು ಹೇಳಬೇಕು.

ಹಾಗಂತ ನನ್ನ ವಾದ ಬಿಡೋದಿಲ್ಲ. ಕೋಯೊ ಕುವೊ ಅನ್ನೋ ಕ್ಯುರೇಟರ್ ಅವರನ್ನು ನೋಡಿ. ಹುಟ್ಟಿದ್ದು ಕ್ಯಾಮರೂನ್‌ನಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ಓದಿದ್ದು ಬ್ಯಾಂಕಿಂಗ್. ಸೆನೆಗಲ್‌ನ ಡಾಕಾರ್‌ನಲ್ಲಿ ರಾ ಮೆಟೀರಿಯಲ್ ಕಂಪನಿ ಅಂತ ಕಲಾ ಕೇಂದ್ರ ಕಟ್ಟಿದರು. 2019ರಲ್ಲಿ ಕೇಪ್‌ಟೌನ್‌ನ ಜೈಟ್ಸ್ ಮ್ಯೂಸಿಯಂಗೆ ಬಂದರು. ಅದು ತೆರೆದು ಇನ್ನೂ ಎರಡು ವರ್ಷ ಆಗಿರಲಿಲ್ಲ, ಆಗಲೇ ಮೊದಲ ನಿರ್ದೇಶಕರು ವಿವಾದದಲ್ಲಿ ಹೋಗಿ ಹೆಸರು ಕೆಟ್ಟಿತ್ತು. ಇವರು ಅದನ್ನು ಎತ್ತಿ ನಿಲ್ಲಿಸಿದರು. ಪ್ರದರ್ಶನವೂ ಬಂತು, ಸಂಸ್ಥೆಯೂ ಉಳಿಯಿತು. ಎರಡೂ ಸಾಧ್ಯ ಇದೆ.

ಗೋಡೆಮೊಳೆ

ಕುವೊ ಉದಾಹರಣೆ ಒಪ್ಪಿದೆ. 2026ರ ವೆನಿಸ್ ಬಿಯೆನಾಲೆ ಕಟ್ಟೋಕೆ ಅವರನ್ನೇ ಆರಿಸಿದ್ದರು. 2025ರ ಮೇ ತಿಂಗಳಲ್ಲಿ ಅವರೂ ಹೋಗಿಬಿಟ್ಟರು. ಬೇಜಾರಾಗುತ್ತದೆ.

ಆದರೆ ಹೋಲಿಕೆ ಪೂರ್ತಿ ಸರಿಹೋಗೋದಿಲ್ಲ. ಕುವೊ ಒಂದೇ ಕಡೆ ಬೇರು ಬಿಟ್ಟು ಕೆಲಸ ಮಾಡಿದವರು. ಎನ್ವೇಜೋರ್ ಯಾವಾಗಲೂ ನಾಲ್ಕು ಕಡೆ. ಮ್ಯೂನಿಕ್‌ನಲ್ಲಿ ಇದ್ದಾಗಲೇ 2012ರಲ್ಲಿ ಪ್ಯಾರಿಸ್ ಟ್ರಿಯೆನಾಲೆ ಅನ್ನೋ ಪ್ರದರ್ಶನ, ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ವರ್ಣಭೇದದ ಫೋಟೋಗಳ ದೊಡ್ಡ ಪ್ರದರ್ಶನ, 2015ರಲ್ಲಿ ವೆನಿಸ್. ಇಷ್ಟೆಲ್ಲ ಮಾಡುವ ನಿರ್ದೇಶಕರು ಬೇಕು ಅಂತಲೇ ಮ್ಯೂಸಿಯಂನವರು ಕರೆದದ್ದು, ಅಲ್ವಾ? ದೊಡ್ಡ ಹೆಸರನ್ನು ತಂದು ಆಮೇಲೆ "ಇವರು ಆಫೀಸಿನಲ್ಲೇ ಇರೋದಿಲ್ಲ" ಅಂದರೆ ಹೇಗೆ?

ಬಿಳಿಕ್ಯಾನ್ವಾಸ್

ವೆನಿಸ್ ಬಗ್ಗೆ ಯಾರಾದರೂ ಹೇಳಿ. ಅಲ್ಲಿ ಮಾರ್ಕ್ಸ್ ಪುಸ್ತಕ ಓದಿಸಿದರು ಅಂತ ಕೇಳಿದ್ದೆ, ನಿಜವಾ?

ಸಾಧನಕೇರಿ

ನಿಜ. 'ದಾಸ್ ಕ್ಯಾಪಿಟಲ್' ಪುಸ್ತಕವನ್ನು ಮುಖ್ಯ ಪೆವಿಲಿಯನ್‌ನಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿ ಓದಿಸಿದರು. ಅದಕ್ಕೇ ಅಂತ ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಒಂದು ಅರೀನಾ ಕಟ್ಟಿಕೊಟ್ಟರು, ಓದಿನ ನಿರ್ದೇಶನ ಐಸಾಕ್ ಜೂಲಿಯನ್ ಅವರದು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚತಾರಲ್ಲ, ದಿನಾ ಸಂಜೆ ಇಷ್ಟು ಅಂತ ಓದೋದು, ನನಗೆ ಅದೇ ಕಣ್ಣಿಗೆ ಬಂತು.

ಟೀಕೆಯೂ ಜೋರಾಗಿಯೇ ಬಂತು. ಹೊರಗೆ ಕಾಲುವೆಯಲ್ಲಿ ಶ್ರೀಮಂತರ ಹಡಗು, ಒಳಗೆ ಮಾರ್ಕ್ಸ್. ಇದು ನಾಟಕ ಅಂದರು. ಪ್ರದರ್ಶನ ಬಹಳ ಗಂಭೀರ, ನಗೋಕೆ ಜಾಗವೇ ಇಲ್ಲ ಅಂದರು. ಆ ಎರಡನೇ ಮಾತನ್ನು ನಾನೂ ಒಪ್ಪತೇನೆ. ಕಾಸೆಲ್‌ದೂ ಹಂಗೇ ಇತ್ತು. ಅಷ್ಟು ವಿಡಿಯೋ, ಅಷ್ಟು ದಾಖಲೆ! ಟಿಕೆಟ್ ತಗೊಂಡು ಒಂದು ದಿನಕ್ಕೆ ಬಂದವನು ಅದನ್ನೆಲ್ಲ ನೋಡಿ ಮುಗಿಸೋದು ಹೆಂಗ?

ಆದರೂ 53 ದೇಶದ 136 ಕಲಾವಿದರಲ್ಲಿ 89 ಮಂದಿ ವೆನಿಸ್‌ಗೆ ಅದೇ ಮೊದಲ ಸಲ ಬಂದವರು. ಘಾನಾದ ಇಬ್ರಾಹಿಂ ಮಹಾಮಾ ಹಳೇ ಗೋಣಿಚೀಲಗಳನ್ನು ಹೊಲಿದು ಆರ್ಸೆನಾಲೆಯ (ಬಿಯೆನಾಲೆ ನಡೆಯೋ ಹಳೇ ಹಡಗುಕಟ್ಟೆ) ಉದ್ದನೆಯ ಓಣಿಯ ಎರಡೂ ಗೋಡೆಗೆ ತೂಗುಹಾಕಿದ್ದರು. ಕೋಕೋ, ಇದ್ದಿಲು ತುಂಬಿ ಸವೆದ ಚೀಲಗಳು. ಆಗ ಆ ಹುಡುಗನಿಗೆ 30 ವರ್ಷವೂ ಆಗಿರಲಿಲ್ಲ. ಹಮಾಲಿ ಬೆನ್ನಿನ ಚೀಲ ವೆನಿಸ್ ಗೋಡೆ ಏರಿತು. ಅದು ನನಗೆ ಮಾರ್ಕ್ಸ್ ಓದಿಗಿಂತ ಜಾಸ್ತಿ ಹೇಳತದ.

ಈಸಾರ್‌ದಂಡೆ

ಮ್ಯೂನಿಕ್‌ನ ಕೊನೆಯ ಪ್ರದರ್ಶನದ ಬಗ್ಗೆ ಒಂದು ಮಾತು. 2019ರ ಮಾರ್ಚ್‌ನಲ್ಲಿ ಘಾನಾದ ಕಲಾವಿದ ಎಲ್ ಅನತ್ಸುಯಿ ಪ್ರದರ್ಶನ ಶುರುವಾಯಿತು. ಮದ್ಯದ ಬಾಟಲಿ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೆಣೆದು ಗೋಡೆಯಷ್ಟು ದೊಡ್ಡ ಪರದೆ ಮಾಡುತ್ತಾರಲ್ಲ, ಅವರೇ. ಎನ್ವೇಜೋರ್ ಮತ್ತು ಕಲಾ ಇತಿಹಾಸಕಾರ ಚಿಕಾ ಒಕೆಕೆ-ಅಗುಲು ಸೇರಿ ಕಟ್ಟಿದ್ದು. ಅದು ಶುರುವಾಗಿ ಒಂದು ವಾರಕ್ಕೆ ಎನ್ವೇಜೋರ್ ತೀರಿಕೊಂಡರು. ಮ್ಯೂಸಿಯಂ ಬಿಟ್ಟು ಒಂಬತ್ತು ತಿಂಗಳಾಗಿತ್ತು, ಆದರೂ ಅವರ ಕೆಲಸ ಒಳಗೆ ನಡೆಯುತ್ತಲೇ ಇತ್ತು.

ಒಂದು ಅಡ್ಡ ಮಾತು. 2020ರಲ್ಲಿ ಇದೇ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಮ್ಯೂಸಿಯಂನಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ಪ್ರದರ್ಶನ ಇತ್ತು. ಎನ್ವೇಜೋರ್‌ಗೂ ಅದಕ್ಕೂ ಸಂಬಂಧ ಇಲ್ಲ. ಖುಷಿಗೆ ಹೇಳಿದೆ.

ಲೆಕ್ಕದಪುಸ್ತಕ

ಸರಿ, ನನ್ನ ಮಾತನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಇವರು ಪ್ರದರ್ಶನ ಕಟ್ಟೋದರಲ್ಲಿ ದೊಡ್ಡವರು. ಆ ಮ್ಯೂಸಿಯಂ ಸಂಗ್ರಹವಿಲ್ಲದ, ರಿಪೇರಿಗೆ ಬಂದ, ಸರ್ಕಾರ ಮತ್ತು ಪ್ರಾಯೋಜಕರ ದುಡ್ಡಿಗೆ ಕಾಯೋ ಸಂಸ್ಥೆ. ಜೊತೆಗೆ ಮೊದಲ ದಿನದಿಂದಲೇ ಒಬ್ಬ ಗಟ್ಟಿ ಲೆಕ್ಕದವರು ಬೇಕಿತ್ತು. ಕೊನೆಯಲ್ಲಿ ತಂದದ್ದು ಮ್ಯೂಸಿಯಂನವರ ತಪ್ಪು. ಖರ್ಚು ಏರುತ್ತಿರೋದು ಕಂಡೂ ಕೈ ಹಿಡಿಯದೆ ಇದ್ದದ್ದು ನಿರ್ದೇಶಕರ ತಪ್ಪು. ಅಷ್ಟಕ್ಕೆ ನಿಲ್ಲುತ್ತೇನೆ.

ಗೋಡೆಮೊಳೆ

ಆ 'ನಿರ್ದೇಶಕರ ತಪ್ಪು' ಅನ್ನೋ ಮಾತು ನನಗೆ ಇನ್ನೂ ಜೀರ್ಣ ಆಗಿಲ್ಲ, ಇರಲಿ.

ಬಿಳಿಕ್ಯಾನ್ವಾಸ್

ಒಂದು ಕೊನೆಯ ಪ್ರಶ್ನೆ. ಅವರು ಹೋದ ಮೇಲೂ ಅವರ ಪ್ರದರ್ಶನಗಳು ಬಂದವು ಅಂತಾರಲ್ಲ? ನಾನು ಎಲ್ಲಿಂದ ಓದೋಕೆ ಶುರು ಮಾಡಲಿ?

ಗೋಡೆಮೊಳೆ

ಹೌದು, ಎರಡು. 2021ರಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂನಲ್ಲಿ 'ಗ್ರೀಫ್ ಅಂಡ್ ಗ್ರೀವೆನ್ಸ್'. ಕಪ್ಪು ಅಮೆರಿಕನ್ನರ ದುಃಖ, ಬಿಳಿಯರ ಸಿಟ್ಟು, ಇವೆರಡರ ರಾಜಕೀಯ. 2020ರ ಚುನಾವಣೆಗೆ ಮುಂಚೆ ತೆರೆಯಬೇಕು ಅಂತ ಯೋಚಿಸಿದ್ದು. ಗೆಳೆಯರು, ಸಹೋದ್ಯೋಗಿಗಳು ಸೇರಿ ಮುಗಿಸಿದರು. ಅವರಲ್ಲಿ ಒಬ್ಬರಾದ ನಯೋಮಿ ಬೆಕ್ವಿತ್ 2027ರ ಡಾಕ್ಯುಮೆಂಟಾ ನಡೆಸುತ್ತಾರೆ. ಇನ್ನೊಂದು 2023ರ ಶಾರ್ಜಾ ಬಿಯೆನಾಲೆ. ಯೋಚನೆ ಇವರದು, ಕೆಲಸ ಮುಗಿಸಿದ್ದು ಆ ಬಿಯೆನಾಲೆಯ ನಿರ್ದೇಶಕಿ ಹೂರ್ ಅಲ್ ಕಾಸಿಮಿ.

ಓದೋಕೆ ಮೊದಲು 'ಎನ್ಕಾ' ಪತ್ರಿಕೆಯ ಹಳೇ ಸಂಚಿಕೆಗಳು. ಈಗ ಅದನ್ನು ಡ್ಯೂಕ್ ಯೂನಿವರ್ಸಿಟಿ ಪ್ರೆಸ್ ಹೊರತರುತ್ತದೆ. ನಿಮ್ಮ ಕಾಲೇಜಿನ ಲೈಬ್ರರಿಗೆ ಆನ್‌ಲೈನ್ ಚಂದಾ ಇದೆಯಾ ಕೇಳಿ. 'ಪೋಸ್ಟ್‌ವಾರ್' ಕ್ಯಾಟಲಾಗ್ ಇಟ್ಟಿಗೆಯಷ್ಟು ದಪ್ಪ, ಬೆಲೆಯೂ ಹಾಗೇ. ಕೊಳ್ಳಬೇಡಿ.

ಸಾಧನಕೇರಿ

ದಿಲ್ಲಿ ವೇದಿಕೆಯ ಭಾಷಣಗಳೂ ಪುಸ್ತಕವಾಗಿ ಬಂದಾವ. ರಾಜ್ಯಶಾಸ್ತ್ರದವರಿಗೆ ಅದೇ ಒಳ್ಳೆ ಬಾಗಿಲು. ಬರೀ ಮಾತು ಅಂತ ಹೆದರಬೇಡಿ.

ಈಸಾರ್‌ದಂಡೆ

'ಪೋಸ್ಟ್‌ವಾರ್' ಕ್ಯಾಟಲಾಗ್ ಇಲ್ಲಿನ ಲೈಬ್ರರಿಯಲ್ಲಿದೆ. ಪರಿವಿಡಿ ಪುಟಗಳ ಫೋಟೋ ಶನಿವಾರ ಹಾಕುತ್ತೇನೆ. ಯಾವ ಲೇಖನ ಬೇಕು ಅಂತ ಆಮೇಲೆ ಹೇಳಿ.